ಎದೆಯ ಮೇಲಿನ ಅರವತ್ತೊಂದು

ಸಾಗರದಲ್ಲಿ ಗುಡಿಗಾರಿಕೆ ನಮ್ಮ ಮನೆತನದ ಕಸುಬು. ಗಂಡಭೇರುಂಡವೆಂದರೆ ಕಣ್ಣು ಮುಚ್ಚಿಯೂ ಕೆತ್ತಬಲ್ಲೆ ಎಂಬ ಧೈರ್ಯ ನನಗಿತ್ತು. ಕಳೆದ ಮಳೆಗಾಲದಲ್ಲಿ ಆ ಧೈರ್ಯವೇ ಹನ್ನೆರಡು ದಿನದ ಕೆಲಸವನ್ನು ನೀರುಪಾಲು ಮಾಡಿತು.

ಸೊರಬದ ಕಡೆಯ ಹಿರಿಯರೊಬ್ಬರು ಅಂಗಡಿಗೆ ಬಂದಿದ್ದರು. ಭಾರತೀಯ ಸೇನೆಯ ಕುದುರೆಪಡೆಯಾದ ಜೈಪುರದ 61ನೇ ಕ್ಯಾವಲ್ರಿಯಲ್ಲಿ ದಫೇದಾರರಾಗಿದ್ದು ನಿವೃತ್ತರಾದವರು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಟೋಪಿಯ ಬಿಲ್ಲೆಯನ್ನು ನನ್ನ ಕೈಗಿಟ್ಟು, ‘ಇದನ್ನೇ ಶಿವನೆ ಮರದಲ್ಲಿ ದೊಡ್ಡದಾಗಿ ಮಾಡಿಕೊಡಿ’ ಎಂದರು. ಒಮ್ಮೆ ನೋಡಿ ಮೇಜಿನ ಖಾನೆಯಲ್ಲಿಟ್ಟೆ. ಮತ್ತೆ ತೆಗೆಯಲಿಲ್ಲ. ನನ್ನ ಕೈಗೆ ರೂಢಿಯಾದ ಹಕ್ಕಿಯನ್ನೇ ಕೆತ್ತಿದೆ: ಕೊಕ್ಕುಗಳಲ್ಲಿ, ಉಗುರುಗಳಲ್ಲಿ ಆನೆಗಳು, ಎದೆಯ ತುಂಬ ಗರಿ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿರುವುದು ಅಂಥ ಹಕ್ಕಿ.

ಅವರು ಬಹಳ ಹೊತ್ತು ನೋಡಿದರು. ‘ಕೆಲಸ ಚೆನ್ನಾಗಿದೆ ಗುಡಿಗಾರರೇ. ಆದರೆ ಇದು ನಮ್ಮದಲ್ಲ.’

ಖಾನೆಯಿಂದ ಬಿಲ್ಲೆಯನ್ನು ತೆಗೆದು ಪಕ್ಕಕ್ಕಿಟ್ಟಾಗ ನನಗೆ ಮುಖ ಎತ್ತಲಾಗಲಿಲ್ಲ. ಅದರಲ್ಲಿ ಆನೆಗಳೇ ಇಲ್ಲ. ಎದೆಯ ನಡುವೆ 61 ಎಂಬ ಅಂಕಿ, ಕಾಲಡಿಯಲ್ಲಿ ದೇವನಾಗರಿ ಅಕ್ಷರಗಳ ಪಟ್ಟಿ. ನಮ್ಮ ರಾಜ್ಯ ಲಾಂಛನದ ಬಿಳಿ ಗಂಡಭೇರುಂಡ ಕೆಂಪು ಗುರಾಣಿಯ ಮೇಲಿದ್ದು, ಎರಡು ಶರಭಗಳು ಅದನ್ನು ಕಾಯುತ್ತವೆ. ಈ ಹಕ್ಕಿಗೆ ಕಾವಲೂ ಇಲ್ಲ, ಗುರಾಣಿಯೂ ಇಲ್ಲ. ಟೋಪಿಯ ಮೇಲಿನ ಅಷ್ಟು ಚಿಕ್ಕ ಲೋಹದಲ್ಲಿ ಗುರುತು ಸಿಗಬೇಕಾದರೆ ಎಷ್ಟು ಬೇಕೋ ಅಷ್ಟೇ ಇದೆ.

ಜೈಪುರದ ರೆಜಿಮೆಂಟಿಗೆ ನಮ್ಮ ಹಕ್ಕಿ ಹೇಗೆ ಬಂತು ಎಂದು ಕೇಳಿದೆ. ಮೈಸೂರು ಲ್ಯಾನ್ಸರ್ಸ್ ಸೇರಿದಂತೆ ಸಂಸ್ಥಾನಗಳ ಕುದುರೆಪಡೆಗಳನ್ನು ಒಗ್ಗೂಡಿಸಿ 1953ರಲ್ಲಿ ಕಟ್ಟಿದ ರೆಜಿಮೆಂಟು ಅದು. ಮೈಸೂರಿನ ಸವಾರರ ಜೊತೆ ಮೈಸೂರಿನ ಗುರುತೂ ಹೋಯಿತು. ಅದಕ್ಕೂ ಮೊದಲು, ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದವರು ಊರಿನತ್ತ ನುಗ್ಗಿದಾಗ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಮೇಲೆರಗಿದವರು ಮೈಸೂರಿನವರು. ಎದುರಿಗೆ ಮೆಷಿನ್ ಗನ್ನು, ಇವರ ಕೈಯಲ್ಲಿ ಈಟಿ, ಕತ್ತಿ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸೈನಿಕರು ಜೋಧಪುರ, ಹೈದರಾಬಾದ್, ಮೈಸೂರುಗಳ ಆ ಪಡೆಗಳ ಗುರುತು. ದಫೇದಾರರು ಇದನ್ನು ಹೇಳುವಾಗ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು.

ಗಂಡಭೇರುಂಡದ ಒಂದೊಂದು ರೂಪಕ್ಕೂ ಅದರದೇ ಒಡೆಯರಿದ್ದಾರೆ ಎಂಬುದು ನನಗೆ ಗೊತ್ತಿರಬೇಕಿತ್ತು. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಕೆಳದಿಯ ರಾಮೇಶ್ವರ ದೇವಸ್ಥಾನದ ಛಾವಣಿಯಲ್ಲಿರುವ ಗಂಡಭೇರುಂಡವನ್ನು ಚಿಕ್ಕಂದಿನಿಂದ ಕತ್ತೆತ್ತಿ ನೋಡಿದ್ದೇನೆ. ಎರಡೂ ಬೇರೆ ಎಂದು ಕಣ್ಣಿಗೆ ಗೊತ್ತಿತ್ತು, ಕೈ ಕೇಳಲಿಲ್ಲ.

ಹೊಸ ಹಲಗೆ ತೆಗೆದುಕೊಂಡೆ. ಈ ಬಾರಿ ಬಿಲ್ಲೆಯನ್ನು ದೀಪದ ಕೆಳಗಿಟ್ಟುಕೊಂಡು ಅಳತೆ ಬರೆದ ಮೇಲೆಯೇ ಉಳಿ ಹಿಡಿದೆ. ಅಂಕಿಯನ್ನು ಕೊರೆದರೆ ಗರಿಗಳ ಗೆರೆಯಲ್ಲಿ ಕಳೆದುಹೋಗುತ್ತಿತ್ತು. ಅದನ್ನು ಉಬ್ಬಾಗಿ ಉಳಿಸಿ, ಸುತ್ತಲಿನ ಮರವನ್ನು ತಗ್ಗಿಸಿದೆ. ಆರರ ಹೊಟ್ಟೆಯೊಳಗೆ ಎಳೆ ಅಡ್ಡ ಬಂದು ಸಣ್ಣ ಚಕ್ಕೆ ಏಳುತ್ತಿದ್ದರಿಂದ ಕೊಡತಿಯನ್ನು ಬದಿಗಿಟ್ಟು, ಸಣ್ಣ ಉಳಿಯನ್ನು ಕೈಯಿಂದಲೇ ಒತ್ತಿ ಆ ಒಂದು ಅಂಕಿಗೆ ಅರ್ಧ ದಿನ ಕಳೆದೆ.

ಒಯ್ಯಲು ಬಂದ ದಿನ ಅವರು ಮೊದಲು ತಲೆಗಳನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಅಂಕಿಯನ್ನು ಸವರಿದರು. ‘ಈಗ ನಮ್ಮದು’ ಎಂದರು.