ಹೆಬ್ಬಾಳದ ಜಾಮಲ್ಲಿ ಸಿಕ್ಕ ಹೆಬ್ಬಾವು

ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ, ಗಂಡನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಟಿದ್ದೆ. ಜೊತೆಗೆ ಆರನೇ ಕ್ಲಾಸಿನ ಮಗಳು, ಊರಿಗೆ ಹೊರಟಿದ್ದ ಪಕ್ಕದ ಮನೆಯ ಚೇಚಿ, ಅಂದರೆ ಕೇರಳದ ಕಣ್ಣೂರಿನ ಅಕ್ಕ. ಹೆಬ್ಬಾಳದ ಫ್ಲೈಓವರ್ ಹತ್ತುವ ಮೊದಲೇ ಗಾಡಿ ನಿಂತಿತು. ನಿಂತಿದ್ದು ನಿಂತೇ ಇತ್ತು.

"ಅಮ್ಮಾ, ಸಾಲು ನೋಡು, ಹೆಬ್ಬಾವಿನ ಥರ ಬಿದ್ಕೊಂಡಿದೆ" ಅಂದಳು ಮಗಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅದು ಹಾವು ತಾನೇ? ಬ ಎಲ್ಲಿಂದ ಬಂತು?"

ನಲವತ್ತು ವರ್ಷದಿಂದ ಹೆಬ್ಬಾವು ಅನ್ನುತ್ತಿದ್ದೇನೆ. ಆ ಬ ಕಿವಿಗೆ ಬಿದ್ದೇ ಇರಲಿಲ್ಲ. ಹೆಬ್ಬಾಗಿಲು ಸರಿ, ಅದರೊಳಗೆ ಬಾಗಿಲಿದೆ. ಹೆಬ್ಬೆರಳಲ್ಲಿ ಬೆರಳಿದೆ. ಹೆಮ್ಮರದಲ್ಲಿ ಮರ, ಹೆಜ್ಜೇನಲ್ಲಿ ಜೇನು. ಹೆಬ್ಬಾವು, ಹೆಬ್ಬುಲಿಯಲ್ಲಿ ಮಾತ್ರ ಹಾವೂ ಇಲ್ಲ, ಹುಲಿಯೂ ಇಲ್ಲ!

ದಾರಿ ತೋರಿಸಿದ್ದು ಚೇಚಿ, ಅದೂ ಗೊತ್ತಿಲ್ಲದೆ. ಮೊಬೈಲಿನಿಂದ ತಲೆ ಎತ್ತಿ, "ಹೆಬ್ಬಾವು ಅಂದ್ರೆ ನಮ್ಮ ಪೆರುಂಪಾಂಬ್ ಅಲ್ವಾ?" ಅಂದರು.

ಕಾಲೇಜಲ್ಲಿ ನಿದ್ದೆಗಣ್ಣಲ್ಲಿ ಕೇಳಿದ ಹಳಗನ್ನಡ ಆಗ ನೆನಪಾಯಿತು. ದೊಡ್ಡದಕ್ಕೆ ಆಗಿನವರು ಪಿರಿದು ಅನ್ನುತ್ತಿದ್ದರು. ಇನ್ನೊಂದು ಪದಕ್ಕೆ ಅಂಟುವಾಗ ಅದು ಪೆರ್. ತಮಿಳಿನ ಪೆರಿಯ, ಮಲಯಾಳದ ಪೆರುಂ, ಎಲ್ಲ ಒಂದೇ ಮನೆಯವು. ಪಂಪನ ಕಾಲಕ್ಕೆ ಹಾಲು ಪಾಲ್, ಹುಲಿ ಪುಲಿ, ಹಾವು ಪಾವು. ಪೆರ್‌ಗೆ ಪಾವು ಸೇರಿದಾಗ ಪ ಹೋಗಿ ಬ ಬಂತು. ಮಗಳು ಶಾಲೆಯಲ್ಲಿ ಬಾಯಿಪಾಠ ಮಾಡುವ ಆದೇಶ ಸಂಧಿಯೇ ಇದು, ಮಳೆ ಕಾಲ ಸೇರಿ ಮಳೆಗಾಲ ಆದ ಹಾಗೆ. ಮುಂದೆ ಪದದ ಶುರುವಿನ ಪ ಎಲ್ಲ ಹ ಆಗುತ್ತ ಬಂತು. ಒಂಟಿಯಾಗಿದ್ದ ಪಾವು ಹಾವಾಯಿತು. ಪೆರ್ ಹೆ ಆಯಿತು, ಅದರ ರ್ ಮುಂದಿನ ಅಕ್ಷರಕ್ಕೆ ಒತ್ತಾಗಿ ಕೂತಿತು. ಒಳಗೆ ಅಡಗಿ ಕೂತ ಬ ಮಾತ್ರ ಬಚಾವ್.

ಮಗಳಿಗೆ ಹುರುಪು ಬಂತು. "ಹಾಗಾದ್ರೆ ಹೆಜ್ಜೆ ಅಂದ್ರೆ ದೊಡ್ಡ ಜೆ?"

ಅಲ್ಲ, ಅದು ಹಳಗನ್ನಡದಲ್ಲಿ ಪಜ್ಜೆ, ಪೆರ್ ಅಲ್ಲ.

"ಹೆಂಡತಿ?"

ಅದು ಪೆಣ್, ಅಂದರೆ ಹೆಣ್ಣಿನಿಂದ ಬಂದದ್ದು. ದೊಡ್ಡದಕ್ಕೂ ಅದಕ್ಕೂ ಸಂಬಂಧವಿಲ್ಲ. (ಅವಳಪ್ಪ ಇದನ್ನು ಒಪ್ಪಲಿಕ್ಕಿಲ್ಲ.)

"ಹೆಮ್ಮೆ?"

ಇದು ಸರಿ! ಹಳಗನ್ನಡದ ಪೆರ್ಮೆ, ದೊಡ್ಡತನ. "ನಮ್ದು ಪೆರುಮ" ಅಂದರು ಚೇಚಿ, ಹೆಮ್ಮೆಯಿಂದಲೇ.

ಗಾಡಿ ಹತ್ತು ಅಡಿ ಸರಿದು ಮತ್ತೆ ನಿಂತಿತು. ಹೆದ್ದಾರಿಯಂತೆ ಹೆದ್ದಾರಿ!

"ಮತ್ತೆ ಹೆಬ್ಬಾಳ?"

ಇದಕ್ಕೆ ಊಹೆ ಬೇಕಿಲ್ಲ, ಕಲ್ಲಲ್ಲೇ ಬರೆದಿದೆ. 2018ರಲ್ಲಿ ಇದೇ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, 8ನೇ ಶತಮಾನ. ರಟ್ಟರ ದಾಳಿಯಲ್ಲಿ ಕಾದಿ ಸತ್ತವನು ಕಿತ್ತಯ್ಯ. ಈ ಸೀಮೆಯ ಹೆಸರು ಅದರಲ್ಲಿ ಪೆರ್ಬೊಳಲ್ ನಾಡು ಅಂತಿದೆ. ಪೊಳಲ್ ಅಂದರೆ ಪಟ್ಟಣ. ಇಲ್ಲೂ ಅದೇ ಪ, ಅದೇ ಬ.

"ಅಂದ್ರೆ ಆಗ್ಲೇ ದೊಡ್ಡದಿತ್ತಾ?" ಮಗಳು ಕಿಟಕಿಯಿಂದ ಹೊರಗೆ ನೋಡಿದಳು. ಕಣ್ಣು ಹಾಯುವಷ್ಟು ದೂರ ಕೆಂಪು ದೀಪಗಳೇ.

ಅಷ್ಟರಲ್ಲಿ ಗಂಡನ ಫೋನ್. ಬ್ಯಾಗು ಸಿಕ್ಕಿ ಅರ್ಧ ಗಂಟೆ ಆಗಿತ್ತಂತೆ, ನಾವು ಎಲ್ಲಿದ್ದೇವೆ ಅಂತ ಸ್ವಲ್ಪ ಜೋರಾಗಿಯೇ ಕೇಳಿದರು.

ಮಗಳು ಫೋನ್ ಕಿತ್ತುಕೊಂಡು ಹೇಳಿದಳು, "ಪೆರ್ಬೊಳಲ್ ಅಪ್ಪಾ, ಇನ್ನೂ ಪೆರ್ಬೊಳಲ್."