ಶಿಂಟೋ ಧರ್ಮವೋ ಅಲ್ಲವೋ: ಜಪಾನಿನ ಕಡತಗಳು ಹೇಳುವುದು

ಕದ್ರಿ ಮಂಜುನಾಥನ ಸನ್ನಿಧಿಯಲ್ಲಿರುವ ಕಂಚಿನ ಲೋಕೇಶ್ವರನನ್ನು ನೋಡಿದವರಿಗೆ ಜಪಾನಿನ ಶಿಂಟೋ, ಅಂದರೆ ಅಲ್ಲಿನ ನಾಡದೇವತೆಗಳ ಆರಾಧನೆ, ಧರ್ಮವೋ ಅಲ್ಲವೋ ಎಂಬ ವಿಷಯ ಬೇಗ ಹಿಡಿತಕ್ಕೆ ಸಿಗುತ್ತದೆ. ಆಳುಪ ದೊರೆ ಕುಂದವರ್ಮನ ಕಾಲದ, ಕ್ರಿ.ಶ. 968ರ ಆ ಮೂರ್ತಿ ಬೌದ್ಧರ ಅವಲೋಕಿತೇಶ್ವರ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಶಿವನ ದೇವಸ್ಥಾನದಲ್ಲಿ ಅದಕ್ಕೆ ಈಗಲೂ ಪೂಜೆ ನಡೆಯುತ್ತದೆ. ಜಪಾನಿನ ಗುಡಿಗಳಲ್ಲೂ ಶತಮಾನಗಳ ಕಾಲ ಹೀಗೆಯೇ ಇತ್ತು: ಊರ ದೇವತೆ 'ಕಾಮಿ'ಯ ಗುಡಿಯೊಳಗೆ ಬುದ್ಧನ ಮೂರ್ತಿ, ಅದರೆದುರು ಸೂತ್ರ ಪಠಿಸುವ ಭಿಕ್ಷುಗಳು.

1868ರಲ್ಲಿ ಚಕ್ರವರ್ತಿ ಮೇಜಿಯ ಹೊಸ ಸರಕಾರ ಶಿಂಟೋ, ಬೌದ್ಧ ಎರಡನ್ನೂ ಬೇರೆ ಮಾಡಲು ಆಜ್ಞೆ ಹೊರಡಿಸಿತು. ಕಾಮಿಯ ಗುಡಿಯಿಂದ ಬೌದ್ಧ ಮೂರ್ತಿ, ಗಂಟೆಗಳನ್ನು ತೆಗೆಯಬೇಕು. ಅಲ್ಲಿ ಸೇವೆ ಮಾಡುತ್ತಿದ್ದ ಭಿಕ್ಷುಗಳು ಸನ್ಯಾಸ ಬಿಡಬೇಕು. ಹಿಯೆಯಿ ಬೆಟ್ಟದ ಬುಡದಲ್ಲಿರುವ ಗುಡಿಯಲ್ಲಿ ಮೂರ್ತಿಗಳನ್ನೂ ಗ್ರಂಥಗಳನ್ನೂ ಸುಟ್ಟುಹಾಕಿದರು. ನಾರಾದ ಕೊಫುಕುಜಿ ವಿಹಾರದ ಭಿಕ್ಷುಗಳು ಪಕ್ಕದ ಕಸುಗ ಗುಡಿಯ ಅರ್ಚಕರಾದರು. ನಿನ್ನೆ ಮೊನ್ನೆಯವರೆಗೆ ಒಂದೇ ಆಗಿದ್ದ ಸನ್ನಿಧಿ ಎರಡು ಹೋಳಾಯಿತು.

ನಿಜವಾದ ತೊಡಕು ಆಮೇಲಿನದು. 1889ರ ಸಂವಿಧಾನ ನಂಬಿಕೆಯ ಸ್ವಾತಂತ್ರ್ಯ ಕೊಟ್ಟಿತು, ಆದರೆ ಎಲ್ಲರೂ ಶಿಂಟೋ ಗುಡಿಗೆ ನಮಿಸಬೇಕೆಂಬುದು ಸರಕಾರದ ಹಂಬಲ. ಹಾಗಾದರೆ ಗುಡಿ ಧರ್ಮವೇ ಅಲ್ಲ ಎಂದುಬಿಡಬೇಕು! 1900ರಲ್ಲಿ ಗೃಹ ಇಲಾಖೆ ಗುಡಿಗಳಿಗೊಂದು, ಧರ್ಮಗಳಿಗೊಂದು ಎಂದು ಎರಡು ಕಚೇರಿ ಮಾಡಿತು. ಬೌದ್ಧ, ಕ್ರೈಸ್ತರ ಜೊತೆಗೆ ತೆನ್ರಿಕ್ಯೊದಂಥ ಹೊಸ ಶಿಂಟೋ ಪಂಥಗಳೂ ಎರಡನೆಯದಕ್ಕೆ ಹೋದವು. ಗುಡಿಗೆ ತಲೆಬಾಗುವುದು ಮಾತ್ರ ಪ್ರಜೆಯ ಕರ್ತವ್ಯವಾಯಿತು. ನನ್ನ ಮಟ್ಟಿಗೆ ಜಪಾನಿನಲ್ಲಿ ಧರ್ಮದ ವ್ಯಾಖ್ಯೆ ಗಟ್ಟಿಯಾದದ್ದು ಪಂಡಿತರ ಚರ್ಚೆಗಿಂತ ಹೆಚ್ಚಾಗಿ ಈ ಕಡತಗಳಲ್ಲಿ.

1945ರ ಡಿಸೆಂಬರಿನಲ್ಲಿ ಮಿತ್ರಪಡೆಗಳ ಆದೇಶ ಗುಡಿಗಳಿಗೂ ಸರಕಾರಕ್ಕೂ ಇದ್ದ ನಂಟು ಕಡಿಯಿತು. 1947ರ ಸಂವಿಧಾನ ಸರಕಾರಕ್ಕೆ ಧಾರ್ಮಿಕ ಚಟುವಟಿಕೆಯನ್ನೇ ನಿಷೇಧಿಸಿತು. ಆದರೂ ಗೆರೆ ಮಸುಕಾಗಿಯೇ ಉಳಿಯಿತು. 1965ರಲ್ಲಿ ತ್ಸು ನಗರಸಭೆ ವ್ಯಾಯಾಮಶಾಲೆಯೊಂದಕ್ಕೆ ಶಿಂಟೋ ಅರ್ಚಕರಿಂದ ಭೂಮಿಪೂಜೆ ಮಾಡಿಸಿತು. ಖರ್ಚು 7,663 ಯೆನ್: ಅರ್ಚಕರಿಗೆ 4,000, ನೈವೇದ್ಯ ಸಾಮಗ್ರಿಗೆ 3,663. ಇಷ್ಟಕ್ಕೇ ದಾವೆ ಸುಪ್ರೀಂ ಕೋರ್ಟ್ ಮುಟ್ಟಿತು. ಹೈಕೋರ್ಟು ಇದು ಸಂವಿಧಾನಬಾಹಿರ ಎಂದಿದ್ದರೆ, 1977ರಲ್ಲಿ ಸುಪ್ರೀಂ ಕೋರ್ಟಿನ 15 ನ್ಯಾಯಮೂರ್ತಿಗಳಲ್ಲಿ 10 ಮಂದಿ, ಉದ್ದೇಶ ಮತ್ತು ಪರಿಣಾಮ ಎರಡನ್ನೂ ತೂಗಿ, ಇದು ಲೋಕಾರೂಢಿ ಎಂದರು. 1997ರಲ್ಲಿ ಅದೇ ಅಳತೆಗೋಲು ಹಿಡಿದು, ಎಹಿಮೆ ಪ್ರಾಂತ್ಯದ ಸರಕಾರ ಯುದ್ಧದಲ್ಲಿ ಮಡಿದವರನ್ನು ಪೂಜಿಸುವ ಟೋಕಿಯೊದ ಯಾಸುಕುನಿ ಗುಡಿಗೂ ಇನ್ನೊಂದು ಗುಡಿಗೂ ಸಲ್ಲಿಸಿದ್ದ 1,66,000 ಯೆನ್ ಕಾಣಿಕೆಯನ್ನು ಅದೇ ನ್ಯಾಯಾಲಯ ಸಂವಿಧಾನಬಾಹಿರ ಎಂದಿತು.