ಪದ್ಮಿನಿ ರಿಪೇರಿ: 120ರ ಜೆಟ್ ಹೋಗಿ 125 ಬಂತು

ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಾಟಿ ಸಿಕ್ಕಿದ್ದೇ ತಡ, ನಮ್ಮ ಪ್ರೀಮಿಯರ್ ಪದ್ಮಿನಿ ಮುಗ್ಗರಿಸುತ್ತಿತ್ತು. ಪಕ್ಕದಲ್ಲಿದ್ದ ಅಪ್ಪ "ಚೋಕ್ ಚೂರು ಎಳಿಯೋ" ಅಂದರು. ಎಳೆದೆ. ಗಾಡಿ ಸಲೀಸಾಗಿ ಹತ್ತಿತು. ಚೋಕ್ ಎಳೆದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಅಂದರೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಅಪ್ಪನಿಗೆ ಅಷ್ಟು ಗೊತ್ತಾದರೆ ಸಾಕು. ನನಗೆ ಎಷ್ಟು ಸಾಲುತ್ತಿಲ್ಲ ಅಂತ ತಿಳಿಯಬೇಕಿತ್ತು.

ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಮಾಮೂಲಿ ಆಕ್ಸಿಜನ್ ಸೆನ್ಸರ್ 0.45 ವೋಲ್ಟ್‌ನ ಆಚೆ ಈಚೆ ಜಿಗಿಯುತ್ತೆ ಅಷ್ಟೆ. ಹೆಚ್ಚೋ ಕಡಿಮೆಯೋ ಹೇಳುತ್ತೆ, ಎಷ್ಟು ಅಂತ ಹೇಳಲ್ಲ. ಅದಕ್ಕೇ ಎಷ್ಟು ಅಂತಲೂ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್, ಜೊತೆಗೆ ಅದರ ಮೀಟರ್ ತರಿಸಿದೆ. "ಸರಿ ಇರೋ ಸೈಲೆನ್ಸರ್ ಪೈಪಿಗೆ ತೂತು ಹೊಡೆಸ್ತ್ರಾ ಹೆಗಡೇರೆ?" ಅಂತ ವೆಲ್ಡಿಂಗ್‌ನವ ನಕ್ಕ. ಸೆನ್ಸರ್ ಪೈಪಿನ ಮೇಲ್ಭಾಗದಲ್ಲೇ ಇರಬೇಕು. ಕೆಳಗಿದ್ದರೆ ಪೈಪಿನೊಳಗಿನ ನೀರು ಕಾದ ಸೆರಾಮಿಕ್‌ಗೆ ತಾಗಿ ಬಿರುಕು ಬಿಡುತ್ತೆ.

ಮೀಟರ್ ತೋರಿಸೋದು 1 ಕೆಜಿ ಪೆಟ್ರೋಲಿಗೆ ಎಷ್ಟು ಕೆಜಿ ಗಾಳಿ ಅಂತ, ಅಂಕಿ ಏರಿದಷ್ಟೂ ಪೆಟ್ರೋಲ್ ಕಡಿಮೆ. ಮೊದಲ ದಿನ ಐಡ್ಲಿಂಗ್‌ನಲ್ಲೇ 17 ದಾಟಿತು. ಪೆಟ್ರೋಲ್ ಹೆಚ್ಚಲಿ ಅಂತ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಹೊಗೆ ವಾಸನೆ ಕಣ್ಣಿಗೆ ಚುಚ್ಚುತ್ತಿದೆ, ಮೀಟರ್ ಮಾತ್ರ ಪೆಟ್ರೋಲ್ ಸಾಲದು ಅನ್ನುತ್ತಿದೆ! ಅರ್ಧ ದಿನ ದಂಡ. ಸಂಜೆ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಂದಿಯಲ್ಲಿ ಕಾಡಿಗೆ ತೀಡಿದ ಹಾಗೆ ಒಂದು ಕರಿ ಗೆರೆ. ಗ್ಯಾಸ್ಕೆಟ್ ಹೋಗಿತ್ತು. ಅಲ್ಲಿಂದ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಹೊಗೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಕ್ಕೂ ಹೋಗುತ್ತೆ. ಸೆನ್ಸರ್ ಪಾಪ, ಕಂಡ ಆಮ್ಲಜನಕದ ಲೆಕ್ಕ ಕೊಟ್ಟಿದೆ. ಗ್ಯಾಸ್ಕೆಟ್ ಬದಲಿಸಿ, ಸ್ಕ್ರೂ ಹಳೇ ಜಾಗಕ್ಕೆ ತಂದ ಮೇಲೆ ಐಡ್ಲಿಂಗ್ 13.8.

ಆಮೇಲೆ ರಸ್ತೆಗೆ ಇಳಿಸಿದೆ. ಸಪಾಟು ರಸ್ತೆಯಲ್ಲಿ 50ರ ವೇಗಕ್ಕೆ 16. ಮೂರನೇ ಗೇರಲ್ಲಿ ಪೂರ್ತಿ ಒತ್ತಿದರೆ 14.5. ಆಗ ಅದು 13ರ ಹತ್ತಿರ ಇರಬೇಕಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡೇ ಜೆಟ್. ನಮ್ಮದು ಬರೀ ಪೆಟ್ರೋಲ್ ಕಾಲದ್ದು. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಈಗ ಬಂಕಲ್ಲಿ ಸಿಗೋ, ಶೇ. 20 ಎಥೆನಾಲ್ ಬೆರೆತ ಇ20ಗೆ ಸುಮಾರು 13.5 ಸಾಕು, ಎಥೆನಾಲ್‌ನಲ್ಲೇ ಆಮ್ಲಜನಕ ಇದೆಯಲ್ಲ. ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಹಾಗಂತ ಮೀಟರಲ್ಲಿ 13.5 ಹುಡುಕಬೇಡಿ. ಅದು ಅಳೆಯೋದು ಲ್ಯಾಂಬ್ಡಾ, ಅಂದರೆ ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಅಂತ (ಸರಿಯಾಗಿದ್ದರೆ 1), ಅದನ್ನೇ 14.7ರಿಂದ ಗುಣಿಸಿ ತೋರಿಸುತ್ತೆ. ಇಂಧನ ಯಾವುದಾದರೂ ಸಮಪಾಕ ಬಂದಾಗ ಕಾಣೋದು 14.7 ಅಂತಲೇ. ಇದು ತಲೆಗೆ ಹೋಗಲು ನನಗೆ ಒಂದು ವಾರ ಬೇಕಾಯಿತು.

ನಮ್ಮ ಸೋಲೆಕ್ಸ್ ಕಾರ್ಬ್ಯುರೇಟರ್‌ನಲ್ಲಿದ್ದ ಮೇನ್ ಜೆಟ್ 120, ಅಂದರೆ 1.20 ಮಿ.ಮೀ. ತೂತು. 125 ಹಾಕಿದರೆ ತೂತಿನ ವಿಸ್ತೀರ್ಣ ಶೇ. 8.5 ಜಾಸ್ತಿ. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸಿಕ್ಕಿತು. ಈಗ ಸಪಾಟಲ್ಲಿ 14.8, ಪೂರ್ತಿ ಒತ್ತಿದರೆ 13.4. ಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದ ಪ್ಲಗ್ ಈಗ ಕಂದು.

ಮೊನ್ನೆ ಡಿಕ್ಕಿಯಲ್ಲಿ ಮೂರು ಚೀಲ ತೆಂಗಿನಕಾಯಿ, ಹಿಂದಿನ ಸೀಟಲ್ಲಿ ಕುಮಟಾ ಈರುಳ್ಳಿ ಜಡೆ ಹೇರಿಕೊಂಡು ಘಾಟಿ ಹತ್ತಿದೆವು. ಅಪ್ಪನ ಕೈ ಎರಡು ಸಲ ಚೋಕ್ ಹತ್ತಿರ ಹೋಗಿ ಸುಮ್ನೆ ವಾಪಸ್ ಬಂತು.

ಒಂದು ಬಾಕಿ ಇದೆ. ಆಕ್ಸಿಲರೇಟರ್ ದಿಢೀರ್ ಒತ್ತಿದರೆ ಅರೆಕ್ಷಣ 17ಕ್ಕೆ ಹಾರುತ್ತೆ. ಆಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸಬೇಕಾದ ಪಂಪಿನ ಡಯಾಫ್ರಾಮ್ ಗಟ್ಟಿಯಾಗಿರಬೇಕು, ಬರುವ ಭಾನುವಾರ ಬಿಚ್ಚುತ್ತೇನೆ.